ಜಪಾನಿನ ಹಳೇ ಸಿಹಿ ಅಂಗಡಿಗಳು: ಯಾವುದನ್ನು ಅಲ್ಲೇ ತಿನ್ನೋದು, ಯಾವುದನ್ನು ಊರಿಗೆ ತರೋದು

ಜಪಾನಿನಲ್ಲಿ ನೂರು ವರ್ಷ ದಾಟಿದ ಸಿಹಿ ಅಂಗಡಿ ಅಂದರೆ ಅದೇನು ದೊಡ್ಡ ಸುದ್ದಿಯಲ್ಲ. ಇನ್ನೂರು, ಮುನ್ನೂರು, ನಾನ್ನೂರು ವರ್ಷದವೂ ಬೇಕಾದಷ್ಟಿವೆ. ಕ್ಯೋಟೋದ ಒಂದು ಅಂಗಡಿಯಂತೂ ಕ್ರಿ.ಶ. 1000ದಿಂದ ನಮ್ಮದು ನಡೆಯುತ್ತಿದೆ ಅನ್ನುತ್ತದೆ. ಹಾಗಾಗಿ ಹೋಗುವವರಿಗೆಲ್ಲ ಒಂದೇ ಗೊಂದಲ: ಇಷ್ಟರಲ್ಲಿ ಯಾವುದಕ್ಕೆ ಹೋಗೋದು, ಏನು ತಿನ್ನೋದು, ಮನೆಯವರಿಗೆ ಏನು ತರೋದು? ನೆಟ್‌ನಲ್ಲಿ ಹುಡುಕಿದರೆ ‘ತಪ್ಪದೇ ತಿನ್ನಬೇಕಾದ ಇಪ್ಪತ್ತು ಸಿಹಿಗಳು’ ಅಂತ ಪಟ್ಟಿ ಮೇಲೆ ಪಟ್ಟಿ ಸಿಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ತಿಂಡಿಗಳನ್ನು ಅದರಲ್ಲಿ ಒಂದೇ ಸಾಲಲ್ಲಿ ಕೂರಿಸಿರುತ್ತಾರೆ.

ನನ್ನ ಲೆಕ್ಕ ಸರಳ. ಬೋರ್ಡಿನ ಮೇಲಿರುವ ಇಸವಿ ಆಮೇಲೆ ನೋಡಿ, ಮೊದಲು ಡಬ್ಬಿಯ ಹಿಂದಿರುವ ತಾರೀಖು ನೋಡಿ. ಆ ಸಿಹಿ ಎಷ್ಟು ದಿನ ಬಾಳುತ್ತದೆ ಅನ್ನೋದು ಗೊತ್ತಾದರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ.

ಯಮನಾಶಿಯಲ್ಲಿ ಕಿನ್ಸೈಕೆನ್ ಅಂತ 1902ರ ಅಂಗಡಿ ಇದೆ. ಅಲ್ಲಿ ಬೇಸಿಗೆಯ ಶನಿವಾರ, ಭಾನುವಾರ ಮಿಜು ಶಿಂಗೆನ್ ಮೋಚಿ ಅಂತ ಒಂದನ್ನು ಮಾಡುತ್ತಾರೆ. ಮೋಚಿ ಅಂದರೆ ಅಂಟಕ್ಕಿಯ ಮೆತ್ತನೆಯ ಉಂಡೆ; ಇದು ಹೆಸರಿಗೆ ಮೋಚಿ, ನೋಡಿದರೆ ತಟ್ಟೆ ಮೇಲೆ ಕೂತ ದೊಡ್ಡ ನೀರಿನ ಹನಿ. ಪಕ್ಕದಲ್ಲಿ ಹುರಿದ ಸೋಯಾ ಹಿಟ್ಟು, ಕಪ್ಪು ಬೆಲ್ಲದ ಪಾಕ. ಅದರ ಆಯಸ್ಸು 30 ನಿಮಿಷ! ಪಾರ್ಸೆಲ್ ಮಾತೇ ಇಲ್ಲ. ಇನ್ನೊಂದು ತುದಿಯಲ್ಲಿ ತೊರಾಯಾ ಅಂಗಡಿಯ ಯೋಕಾನ್ (ಕಾಳು, ಸಕ್ಕರೆಯ ಗಟ್ಟಿ ಸಿಹಿ), ಪೊಟ್ಟಣ ಒಡೆಯದಿದ್ದರೆ ತಯಾರಾದ ದಿನದಿಂದ ಸುಮಾರು ಒಂದು ವರ್ಷ. ಎರಡೂ ಹಳೇ ಅಂಗಡಿಯ ಸಿಹಿಯೇ, ಎರಡೂ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಇವೆರಡರಲ್ಲಿ ಯಾವುದು ಒಳ್ಳೇದು ಅಂತ ಕೇಳಿದರೆ ಏನು ಹೇಳೋದು?

ಜಪಾನೀಯರೇ ಸಿಹಿಯನ್ನು ನೀರಿನಂಶದ ಮೇಲೆ ಮೂರು ಭಾಗ ಮಾಡಿದ್ದಾರೆ. ಶೇ. 30ಕ್ಕಿಂತ ಹೆಚ್ಚಿದ್ದರೆ ನಾಮಾಗಾಶಿ, 10ರಿಂದ 30 ಇದ್ದರೆ ಹಾನ್ ನಾಮಾಗಾಶಿ, 10ಕ್ಕಿಂತ ಕಡಿಮೆ ಇದ್ದರೆ ಹಿಗಾಶಿ. ಒದ್ದೆ, ಅರೆ ಒದ್ದೆ, ಒಣ, ಅಷ್ಟೇ. ಒದ್ದೆ ಇದ್ದಷ್ಟೂ ಬೇಗ ಕೆಡುತ್ತದೆ. ಸಕ್ಕರೆ ಜಾಸ್ತಿ ಹಾಕಿ ಗಾಳಿಯಾಡದಂತೆ ಮುಚ್ಚಿದರೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಯೋಕಾನ್ ಬಾಳೋದು ಅದಕ್ಕೇ.

ಲೇಬಲ್‌ ಮೇಲೆ ಎರಡು ಥರದ ತಾರೀಖು ಇರಬಹುದು. ಶೋಹಿ ಕಿಗೆನ್ ಅಂದರೆ ಅದು ದಾಟಿದ ಮೇಲೆ ತಿನ್ನಬೇಡಿ. ಶೋಮಿ ಕಿಗೆನ್ ಅಂದರೆ ಅದು ದಾಟಿದರೆ ರುಚಿ ಕಮ್ಮಿಯಾಗಬಹುದು, ಅಷ್ಟೇ. ಮೋಚಿ ಥರದವಕ್ಕೆ ಸಾಮಾನ್ಯವಾಗಿ ಮೊದಲನೆಯದು, ಯೋಕಾನ್, ಬಿಸ್ಕತ್ತಿನಂಥವಕ್ಕೆ ಎರಡನೆಯದು. ಇನ್ನೊಂದು ವಿಷಯ, ಅಲ್ಲಿ ಇಸವಿ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. 26.03.05 ಅಂತ ಇದ್ದರೆ 2026ರ ಮಾರ್ಚ್ 5. ನಮ್ಮ ರೂಢಿಯಲ್ಲಿ ಓದಿದರೆ ಎಡವಟ್ಟಾಗುತ್ತದೆ.

ಅಲ್ಲೇ ಕೂತು ತಿನ್ನುವಂಥವು

ಒಂದೇ ಒಂದು ಕಡೆ ಹೋಗಲು ಸಮಯ ಇದ್ದರೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ನಾನು ಇಸೆಯ ಅಕಾಫುಕು ಹೇಳುತ್ತೇನೆ. 1707ರಲ್ಲಿ ಶುರುವಾದ ಅಂಗಡಿ, ಇಸೆಯ ಮಹಾದೇಗುಲದ ಒಳಗುಡಿಗೆ ಹೋಗುವ ದಾರಿಯಲ್ಲೇ ಇದೆ. ಮುಖ್ಯ ಅಂಗಡಿ ಬೆಳಗಿನ ಜಾವ 5 ಗಂಟೆಗೇ ಬಾಗಿಲು ತೆಗೆಯುತ್ತದೆ. ಮಾರೋದು ಹೆಚ್ಚುಕಮ್ಮಿ ಒಂದೇ ವಸ್ತು. ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ ಮೆತ್ತನೆಯ ಬಿಳಿ ಮೋಚಿ, ಅದರ ಮೇಲೆ ಅಜುಕಿ ಅನ್ನೋ ಸಣ್ಣ ಕೆಂಪು ಕಾಳಿನ ನುಣ್ಣನೆಯ ಹೂರಣ. ಹೂರಣದ ಮೇಲೆ ಬೆರಳಿನಿಂದ ಎಳೆದ ಗೆರೆಗಳು. ಅಂಗಡಿ ಪಕ್ಕ ಹರಿಯುವ ಇಸುಜು ನದಿಯ ಅಲೆಗಳು ಅವು, ಕೆಳಗಿನ ಬಿಳಿ ಮೋಚಿ ನದಿಯ ತಳದ ಬೆಣಚುಕಲ್ಲು.

ಇದು ಬೇಸಿಗೆಯಲ್ಲಿ ತಯಾರಾದ ದಿನವೂ ಸೇರಿ 2 ದಿನ, ಚಳಿಗಾಲದಲ್ಲಿ 3 ದಿನ. ಡಬ್ಬಿಯಲ್ಲೂ ಕೊಡುತ್ತಾರೆ, ಒಳಗೆ ಒಂದು ಪುಟ್ಟ ಚಪ್ಪಟೆ ಕಡ್ಡಿ ಇಟ್ಟಿರುತ್ತಾರೆ, ಜೊತೆಗೆ ದಿನಕ್ಕೊಂದು ಬದಲಾಗುವ ಚಿತ್ರದ ಚೀಟಿ. ಆದರೆ ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೂ ಹೂರಣವೆಲ್ಲ ಒಂದು ಮೂಲೆಗೆ ಜಾರಿ, ನದಿಯ ಅಲೆ ಹೋಗಿ ಕೆಸರುಗದ್ದೆ ಆಗಿರುತ್ತದೆ. ನಗೋಯಾ, ಓಸಾಕಾ, ಕ್ಯೋಟೋ ಸ್ಟೇಷನ್ನುಗಳಲ್ಲೂ ಸಿಗುತ್ತದೆ, ನಿಜ. ಆದರೂ ಅಂಗಡಿಯ ಚಾಪೆ ಮೇಲೆ ಕೂತು ಚಹಾ ಜೊತೆ ತಿಂದ ರುಚಿ ರೈಲಿನಲ್ಲಿ ಬರೋದಿಲ್ಲ. ಜನವರಿ ಬಿಟ್ಟು ಪ್ರತಿ ತಿಂಗಳ ಒಂದನೇ ತಾರೀಖು ಆ ತಿಂಗಳಿಗೇ ಅಂತ ಬೇರೆ ಮೋಚಿ ಮಾಡುತ್ತಾರೆ. ಅದಕ್ಕೆ ಕತ್ತಲಿರುವಾಗಲೇ ಕ್ಯೂ ನಿಂತಿರುತ್ತದೆ.

ಅಕಾಫುಕು ಬಗ್ಗೆ ಇನ್ನೊಂದನ್ನೂ ಹೇಳಬೇಕು. 2007ರಲ್ಲಿ ತಯಾರಿಕೆಯ ತಾರೀಖನ್ನು ತಿದ್ದಿ ಹಾಕಿದ್ದು ಬಯಲಾಗಿ, ಸರಕಾರ ವ್ಯಾಪಾರ ನಿಲ್ಲಿಸಿತ್ತು. 2008ರ ಫೆಬ್ರವರಿಯಲ್ಲಿ ಮತ್ತೆ ತೆರೆಯಿತು. 300 ವರ್ಷದ ಹೆಸರಿದ್ದರೂ ತಾರೀಖಿನ ವಿಷಯದಲ್ಲಿ ಯಾರನ್ನೂ ಬಿಡೋದಿಲ್ಲ ಅನ್ನೋದು ಗಿರಾಕಿಯಾಗಿ ನನಗೆ ಸಮಾಧಾನದ ವಿಷಯವೇ.

ಟೋಕಿಯೋದಲ್ಲೇ ಇರುತ್ತೀರಾ, ಇಸೆ ದೂರ ಆಯ್ತಾ? ಹಾಗಾದರೆ ಕಮೇಇದೋ ತೆಂಜಿನ್ ಗುಡಿಯ ಹತ್ತಿರದ ಫುನಾಬಾಶಿಯಾ. 1805ರದ್ದು. ಇವರ ಕುಜುಮೋಚಿಯ ಕಥೆಯೇ ವಿಚಿತ್ರ. ಗೋಧಿಯ ಪಿಷ್ಟವನ್ನು 450 ದಿನ ಹುಳಿಬರಿಸಿ, ತೊಳೆದು, ಹಬೆಯಲ್ಲಿ ಬೇಯಿಸುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ್ದು ಬಾಳೋದು ಬರೀ 2 ದಿನ. ಬಿಳಿ ಬಿಳಿಯಾದ ತುಂಡುಗಳು, ಅವಕ್ಕೇ ಅಂತ ಹೆಚ್ಚೇನೂ ಸಿಹಿ ಇಲ್ಲ, ಅಗಿದರೆ ಪುಟಿಯುತ್ತವೆ, ಹುಡುಕಿದರೆ ಎಲ್ಲೋ ಒಂಚೂರು ಹುಳಿ. ಮೇಲೆ ಸೋಯಾ ಹಿಟ್ಟು, ಕಪ್ಪು ಬೆಲ್ಲದ ಪಾಕ. ಅತಿ ಸಿಹಿ ಆಗದವರಿಗೆ ಇದು ಹೇಳಿ ಮಾಡಿಸಿದ್ದು, ಪಾಕ ಎಷ್ಟು ಹಾಕಿಕೊಳ್ಳಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದಲ್ಲ.

ಕ್ಯೋಟೋ ಕಡೆ ಕುಜುಮೋಚಿ ಅಂದರೆ ಬೇರೆಯೇ ವಸ್ತು. ಅದು ಕುಜು ಅನ್ನೋ ಬಳ್ಳಿಯ ಬೇರಿನ ಪಿಷ್ಟದಿಂದ ಮಾಡಿದ್ದು, ಹುಳಿಬರಿಸೋ ಕೆಲಸ ಇಲ್ಲ, ನೋಡೋಕೆ ಗಾಜಿನ ಹಾಗೆ. ಅದೇ ಪಿಷ್ಟದ ಕುಜುಕಿರಿ ತಿನ್ನಬೇಕಾದರೆ ಗಿಯೋನ್‌ನ ಕಾಗಿಜೆನ್ ಯೋಶಿಫುಸಾ ಅಂಗಡಿಗೆ ಹೋಗಿ. ಅಗಲವಾದ ಪಾರದರ್ಶಕ ಎಳೆಗಳನ್ನು ತಣ್ಣನೆಯ ನೀರಿನಲ್ಲಿ ಮುಳುಗಿಸಿ ಎರಡಂತಸ್ತಿನ ಮರದ ಬಟ್ಟಲಿನಲ್ಲಿ ತಂದಿಡುತ್ತಾರೆ. ಒಂದರಲ್ಲಿ ಎಳೆ, ಇನ್ನೊಂದರಲ್ಲಿ ಪಾಕ. ಎಳೆ ಎತ್ತಿ ಪಾಕದಲ್ಲಿ ಅದ್ದಿ ಬಾಯಿಗೆ. ಮಾಡಿದ ಸ್ವಲ್ಪ ಹೊತ್ತಿಗೇ ಅದರ ಹೊಳಪು ಹೋಗಿ ಮಬ್ಬಾಗುತ್ತದೆ, ಆದ್ದರಿಂದ ಫೋಟೋ ತೆಗೆಯುತ್ತಾ ಕೂರಬೇಡಿ.

ಕ್ಯೋಟೋದ ಇನ್ನೊಂದು, 1000ನೇ ಇಸವಿಯದ್ದು ಅಂದೆನಲ್ಲ, ಅದು ಇಮಾಮಿಯಾ ಗುಡಿಯ ಪೂರ್ವ ಬಾಗಿಲ ಎದುರು ಇರುವ ಇಚಿವಾ. ಹೆಬ್ಬೆರಳ ತುದಿಯಷ್ಟು ಮೋಚಿ ತುಂಡುಗಳಿಗೆ ಸೋಯಾ ಹಿಟ್ಟು ಹಚ್ಚಿ, ಬಿದಿರು ಕಡ್ಡಿಗೆ ಚುಚ್ಚಿ, ಇದ್ದಿಲಿನ ಮೇಲೆ ಅಲ್ಲಲ್ಲಿ ಕಪ್ಪಾಗುವಂತೆ ಸುಟ್ಟು, ಸಿಹಿಯಾದ ಬಿಳಿ ಮಿಸೋ (ಹುಳಿಬರಿಸಿದ ಸೋಯಾ ಗೊಜ್ಜು) ಸುರಿದು ಕೊಡುತ್ತಾರೆ. ಎದುರಿಗೇ ಕಜಾರಿಯಾ ಅನ್ನೋ ಇನ್ನೊಂದು ಅಂಗಡಿ, ಅದಕ್ಕೂ 400 ವರ್ಷ, ಅವರೂ ಮಾರೋದು ಇದೇ ಅಬುರಿ ಮೋಚಿ. ಯಾವುದು ರುಚಿ ಅಂತ ಊರಿನವರೇ ಎರಡು ಪಕ್ಷ. ಒಂದೊಂದು ತಟ್ಟೆ ಎರಡೂ ಕಡೆ ತಿಂದರೂ ಹೊಟ್ಟೆ ಭಾರ ಆಗೋದಿಲ್ಲ, ಅಷ್ಟು ಚಿಕ್ಕ ಚಿಕ್ಕ ತುಂಡು. ಬುಧವಾರ ಸಾಮಾನ್ಯವಾಗಿ ಎರಡೂ ರಜೆ, ನೋಡಿಕೊಂಡು ಹೋಗಿ.

ಕ್ಯೂ ನಿಲ್ಲೋಕೆ ತಾಳ್ಮೆ ಇದ್ದರೆ ದೆಮಾಚಿ ಫುತಾಬಾದ ಮಾಮೆಮೋಚಿ ಇದೆ, 1899ರಿಂದ. ಮೋಚಿಯ ಹೊರಗೆಲ್ಲ ಉಪ್ಪುಪ್ಪಾದ ಕೆಂಪು ಬಟಾಣಿ, ಒಳಗೆ ಸಿಹಿ ಹೂರಣ. ಅವತ್ತೇ ತಿನ್ನಬೇಕು. ಕಮೋ ನದಿ ದಂಡೆ ನಾಲ್ಕು ಹೆಜ್ಜೆ ದೂರ, ಎಲ್ಲರೂ ಅಲ್ಲೇ ಹೋಗಿ ತಿನ್ನೋದು.

ಇವನ್ನೆಲ್ಲ ಫ್ರಿಜ್ಜಿನಲ್ಲಿಟ್ಟು ನಾಳೆ ತಿನ್ನೋಣ ಅಂತ ಯೋಚಿಸಬೇಡಿ. ಅಕ್ಕಿಯ ಪಿಷ್ಟ ತಂಪಿನಲ್ಲಿ ಗಟ್ಟಿಯಾಗುತ್ತದೆ, ಮೋಚಿ ರಬ್ಬರಾಗುತ್ತದೆ.

ಒಂದೆರಡು ವಾರ ಬಾಳುವಂಥವು

ಆಫೀಸಿನವರಿಗೆ, ಟೋಕಿಯೋದಲ್ಲಿರುವ ನೆಂಟರಿಗೆ, ಅಥವಾ ಪ್ರವಾಸದ ಕೊನೆಯ ದಿನ ಕೊಂಡು ನೇರ ಮನೆಗೆ ತರೋದಕ್ಕೆ ಈ ಗುಂಪು.

ಯಮನಾಶಿಯ ಕಿಕ್ಯೋಯಾದ ಕಿಕ್ಯೋ ಶಿಂಗೆನ್ ಮೋಚಿ ನನ್ನ ಮೊದಲ ಆಯ್ಕೆ. ಅಂಗಡಿ 1889ರದ್ದು, ಈ ಸಿಹಿ ಬಂದದ್ದು ಮಾತ್ರ 1968ರಲ್ಲಿ, ಅಂದರೆ ಜಪಾನಿನ ಲೆಕ್ಕದಲ್ಲಿ ಇನ್ನೂ ಹಸುಗೂಸು. ಹತ್ತು ಹನ್ನೆರಡು ದಿನ ಬಾಳುತ್ತದೆ. ಪುಟ್ಟ ಡಬ್ಬಿಯಲ್ಲಿ ಮೂರು ಮೋಚಿ ತುಂಡು, ಮೇಲೆ ಅಂಚಿನವರೆಗೂ ಸೋಯಾ ಹಿಟ್ಟು, ಪಕ್ಕದಲ್ಲಿ ಪಾಕದ ಪುಟ್ಟ ಬಾಟಲಿ, ಎಲ್ಲವನ್ನೂ ಹೂವಿನ ಚಿತ್ರದ ತೆಳು ಹಾಳೆಯಲ್ಲಿ ಗಂಟು ಕಟ್ಟಿರುತ್ತಾರೆ. ತಿನ್ನೋದು ಒಂದು ಸರ್ಕಸ್ಸು. ಡಬ್ಬಿಯೊಳಗೇ ಪಾಕ ಸುರಿದರೆ ಹಿಟ್ಟು ಉಕ್ಕಿ ಮೇಜೆಲ್ಲ ಆಗುತ್ತದೆ. ಗಂಟು ಬಿಚ್ಚಿದ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೇ ಎಲ್ಲ ಕವುಚಿ, ಪಾಕ ಹಾಕಿ, ಹಾಳೆಯ ನಾಲ್ಕು ಮೂಲೆ ಹಿಡಿದು ನಾದಿದ ಹಾಗೆ ಮಾಡಿ, ಆಮೇಲೆ ಕಡ್ಡಿಯಿಂದ ಚುಚ್ಚಿ ತಿನ್ನಿ. ತಿನ್ನುವಾಗ ನಗಬೇಡಿ, ಉಸಿರು ಜೋರಾಗಿ ಎಳೆಯಬೇಡಿ, ಹಿಟ್ಟು ನೆತ್ತಿಗೆ ಹೋಗುತ್ತದೆ.

ಕ್ಯೋಟೋದ ಯಾತ್ಸುಹಾಶಿಯಲ್ಲಿ ಎರಡು ಬಗೆ. ಮೊದಲಿಂದ ಇದ್ದದ್ದು ಗಟ್ಟಿಯದು: ಅಕ್ಕಿಹಿಟ್ಟು, ಸಕ್ಕರೆ, ಚಕ್ಕೆ ಪುಡಿ ಸೇರಿಸಿ ಬಾಗಿಸಿ ಸುಟ್ಟ ಬಿಲ್ಲೆ, ಕಟಕಟ ಅನ್ನುತ್ತದೆ, ತಿಂಗಳುಗಟ್ಟಲೆ ಕೆಡೋದಿಲ್ಲ. ಈಗ ಎಲ್ಲರೂ ಕೊಳ್ಳೋದು ಸುಡದ ಮೆತ್ತನೆಯ ನಾಮಾ ಯಾತ್ಸುಹಾಶಿ, ತೆಳುವಾದ ಹಾಳೆಯಲ್ಲಿ ಹೂರಣ ಇಟ್ಟು ತ್ರಿಕೋನಕ್ಕೆ ಮಡಚಿದ್ದು, ಸುಮಾರು ಹತ್ತು ದಿನ. ಕ್ಯೋಟೋದ ಅಂಗಡಿ ಬೀದಿಗಳಲ್ಲಿ ರುಚಿ ನೋಡೋಕೆ ಕೊಡುತ್ತಾರೆ, ಎರಡು ಮೂರು ಕಡೆ ನೋಡಿಯೇ ಕೊಳ್ಳಿ, ಚಕ್ಕೆಯ ಘಾಟು ಒಂದೊಂದರದ್ದು ಒಂದೊಂದು ಥರ. ಚಕ್ಕೆ ಇರೋದರಿಂದ ನಮ್ಮ ಕಡೆಯ ನಾಲಿಗೆಗೆ ಇದು ಬೇಗ ಹಿಡಿಸುತ್ತದೆ. ಅಜುಕಿ ಹೂರಣ ಇಷ್ಟವಾಗದವರೂ ಇದನ್ನು ತಿನ್ನುತ್ತಾರೆ. ಗಟ್ಟಿ ಯಾತ್ಸುಹಾಶಿ ಯಾಕೆ ಹಿಂದೆ ಬಿತ್ತೋ ನನಗಂತೂ ಅರ್ಥವಾಗೋದಿಲ್ಲ, ಕಾಫಿ ಜೊತೆ ಅದರ ಮುಂದೆ ಯಾವ ಬಿಸ್ಕತ್ತೂ ಇಲ್ಲ.

ನಾಗಾಸಾಕಿಯ ಕಾಸುತೆರಾ ಬಂದದ್ದು ಪೋರ್ಚುಗೀಸರಿಂದ. ಫುಕುಸಾಯಾ 1624ರಲ್ಲಿ ಶುರುವಾದದ್ದು, ಅದರ ಗುರುತು ಬಾವಲಿ. ಶೋಓಕೆನ್ 1681ರದ್ದು, ಬುನ್‌ಮೇಯ್ದೋ 1900ರದ್ದು. ಮೂರರಲ್ಲಿ ಬುನ್‌ಮೇಯ್ದೋ ದೇಶದ ಎಲ್ಲ ಕಡೆ ಸಲೀಸಾಗಿ ಸಿಗುತ್ತದೆ. ನಾಗಾಸಾಕಿಗೇ ಹೋಗಿದ್ದರೆ ಮಾತ್ರ ಫುಕುಸಾಯಾ ಕಡೆ ನನ್ನ ಓಟು. ಮೊಟ್ಟೆ, ಸಕ್ಕರೆ, ಗೋಧಿ ಹಿಟ್ಟು, ಪಿಷ್ಟದಿಂದ ತೆಗೆದ ಪಾಕ, ಇಷ್ಟೇ. ಬೆಣ್ಣೆ ಇಲ್ಲ, ಎಣ್ಣೆ ಇಲ್ಲ, ಬೇಕಿಂಗ್ ಪೌಡರ್ ಕೂಡ ಇಲ್ಲ. ಉಬ್ಬೋದೆಲ್ಲ ಮೊಟ್ಟೆ ಕಡೆದದ್ದರಿಂದಲೇ. ತಳದ ಕಾಗದವನ್ನು ಮೆಲ್ಲಗೆ ಬಿಡಿಸಿದರೆ ಅಡಿಯಲ್ಲಿ ಕರಗದೆ ಉಳಿದ ದಪ್ಪ ಸಕ್ಕರೆ ಹರಳು ಹಲ್ಲಿಗೆ ಸಿಗುತ್ತದೆ. ಕಾಗದ ಬೇಗ ಎಳೆದರೆ ಆ ಹರಳೆಲ್ಲ ಕಾಗದದ ಜೊತೆ ಹೋಗುತ್ತದೆ, ತಾಳ್ಮೆ ಇರಲಿ. ಹೊರದೇಶದ ವ್ಯಾಪಾರ ನಡೆಯುತ್ತಿದ್ದದ್ದು ನಾಗಾಸಾಕಿ ಬಂದರಿನಲ್ಲಿ, ಸಕ್ಕರೆ ಬರುತ್ತಿದ್ದದ್ದೂ ಅಲ್ಲಿಗೇ. ಅದಕ್ಕೇ ನಾಗಾಸಾಕಿಯಿಂದ ಹೊರಡುವ ಹಳೇ ರಸ್ತೆಯುದ್ದಕ್ಕೂ ಇಷ್ಟು ಧಾರಾಳವಾಗಿ ಸಕ್ಕರೆ ಹಾಕಿದ ತಿಂಡಿಗಳು ಹುಟ್ಟಿಕೊಂಡವು.

ಕಗೋಶಿಮಾದ ಕರುಕಾನ್ ಇದಕ್ಕೆ ತದ್ವಿರುದ್ಧ. ಕಾಡುಗೆಣಸನ್ನು ತುರಿದು, ಅಕ್ಕಿಹಿಟ್ಟು, ಸಕ್ಕರೆ ಸೇರಿಸಿ ಹಬೆಯಲ್ಲಿ ಬೇಯಿಸಿದ್ದು. ಅಚ್ಚ ಬಿಳಿ, ಹಗುರ, ಸ್ವಲ್ಪ ತೇವ. ಗೆಣಸಿನ ಲೋಳೆಯೇ ಅದನ್ನು ಉಬ್ಬಿಸುತ್ತದೆ, ಆದ್ದರಿಂದ ಮೊಟ್ಟೆ ಬೇಕಾಗೋದಿಲ್ಲ. ಆಕಾಶಿಯಾ ಅಂಗಡಿ 1854ರಲ್ಲಿ ಶುರುವಾದದ್ದು, ಶಿಮಾಜು ನಾರಿಯಾಕಿರಾ ಅನ್ನೋ ಆ ಸೀಮೆಯ ದೊರೆ ಎದೋದಿಂದ (ಇಂದಿನ ಟೋಕಿಯೋ) ಸಿಹಿ ಮಾಡುವವನನ್ನು ಕರೆಸಿಕೊಂಡಿದ್ದ. ಮೊಟ್ಟೆ ತಿನ್ನದ ಮನೆಗೆ ಕಾಸುತೆರಾ ಬದಲು ಇದನ್ನೇ ಕೊಡಿ. ಹೂರಣ ತುಂಬಿದ ದುಂಡನೆಯದೂ ಸಿಗುತ್ತದೆ, ನನಗೆ ಬರೀ ಬಿಳಿಯದೇ ಇಷ್ಟ.

ನಗೋಯಾದ ಉಯಿರೋ ಬಗ್ಗೆ ಎರಡೇ ಮಾತು: ಅಕ್ಕಿಹಿಟ್ಟು, ಸಕ್ಕರೆ ಹಬೆಯಲ್ಲಿ ಬೆಂದ ಗಟ್ಟಿ, ಬೆಲೆ ಕಮ್ಮಿ, ತೂಕ ಜಾಸ್ತಿ. ಇಷ್ಟವಾದವರಿಗೆ ತುಂಬಾ ಇಷ್ಟವಾಗುತ್ತದೆ, ಉಳಿದವರು ಒಂದು ತುಂಡಿಗೇ ಸಾಕು ಅನ್ನುತ್ತಾರೆ. ಓಕಾಯಾಮಾದ ಕಿಬಿ ದಾಂಗೊ, ಅಂದರೆ ಪುಟ್ಟ ಮೆತ್ತನೆಯ ಉಂಡೆಗಳು, ಮಕ್ಕಳಿಗೆ ಸರಿ.

ಪೆಟ್ಟಿಗೆಯಲ್ಲಿ ಊರಿಗೆ ಬರುವಂಥವು

ನಾರಿಟಾದಿಂದ ಬೆಂಗಳೂರಿಗೆ ನೇರ ವಿಮಾನ ಬಂದ ಮೇಲೆ ಪರವಾಗಿಲ್ಲ. ಆದರೂ ಇಳಿದ ಮೇಲೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕಾದವರು, ಏಪ್ರಿಲ್ ಬಿಸಿಲಲ್ಲಿ ಮನೆಮನೆಗೆ ಹಂಚಬೇಕಾದವರು ಯೋಚಿಸಿಯೇ ಕೊಳ್ಳಬೇಕು.

ಹಿಂದುಮುಂದು ನೋಡದೆ ಕೊಳ್ಳಬಹುದಾದದ್ದು ತೊರಾಯಾ ಯೋಕಾನ್. ಅಂಗಡಿ 16ನೇ ಶತಮಾನದಲ್ಲಿ ಕ್ಯೋಟೋದಲ್ಲಿ ಶುರುವಾಗಿ, ಆ ಶತಮಾನದ ಕೊನೆಯ ಹೊತ್ತಿಗೆ ಅರಮನೆಗೆ ಸಿಹಿ ಒದಗಿಸುತ್ತಿತ್ತು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟಾಗ ಇವರೂ ಹಿಂದೆಯೇ ಹೊರಟರು, ಕ್ಯೋಟೋದ ಅಂಗಡಿಯನ್ನು ಮಾತ್ರ ಮುಚ್ಚಲಿಲ್ಲ. 1980ರಲ್ಲಿ ಪ್ಯಾರಿಸ್‌ನಲ್ಲೂ ಒಂದನ್ನು ತೆರೆದರು. ಯೋಕಾನ್‌ನಲ್ಲಿ ಇರೋದು ಅಜುಕಿ, ಸಕ್ಕರೆ, ಕಾಂತೆನ್. ಕಾಂತೆನ್ ಅಂದರೆ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ ಅದೇ, ಸಮುದ್ರದ ಪಾಚಿಯಿಂದ ತೆಗೆದದ್ದು. ಇವರ ಹೆಸರಾಂತ ಯೋಕಾನ್ ಯೋರು ನೊ ಉಮೆ. ಕಪ್ಪನೆಯ ಇಟ್ಟಿಗೆಯಂಥದ್ದು, ಕತ್ತರಿಸಿದಾಗ ಒಳಗಿನ ಇಡೀ ಕಾಳುಗಳು ಅಲ್ಲಲ್ಲಿ ಬಿಳಿಚಿಕೊಂಡು ಕಾಣುತ್ತವೆ, ಅದನ್ನೇ ಅವರು ಇರುಳಲ್ಲಿ ಅರಳಿದ ಉಮೆ (ಪ್ಲಮ್ ಜಾತಿಯ) ಹೂವು ಅಂದದ್ದು. ಕಪ್ಪು ಸಕ್ಕರೆಯ ಓಮೊಕಾಗೆ ನಮ್ಮ ಬೆಲ್ಲದ ನಾಲಿಗೆಗೆ ಇನ್ನೂ ಹತ್ತಿರ. ದೊಡ್ಡದು ಕೊಳ್ಳಬೇಡಿ, ತೆರೆದ ಮೇಲೆ ಮನೆಯಲ್ಲಿ ಅದು ಮುಗಿಯೋದಿಲ್ಲ. ಚಿಕ್ಕ ಚಿಕ್ಕ ಬಾರುಗಳು ಬರುತ್ತವೆ, ಅವೇ ಸರಿ. ತೆಳ್ಳಗೆ ಹೆಚ್ಚಬೇಡಿ. ಒಂದು ಬೆರಳು ದಪ್ಪ ಇದ್ದರೇ ಅದರ ಗಟ್ಟಿತನ ಗೊತ್ತಾಗೋದು.

ಯೋಕಾನ್ ಪ್ರಿಯರಿಗೆ ಸಾಗಾ ಸೀಮೆಯ ಓಗಿ ಊರಿನದನ್ನು ಹೇಳದೆ ಹೋಗಲಾರೆ. ಮುರಾಓಕಾ ಸೋಹೊಂಪೊ, 1899ರದ್ದು, ಯೋಕಾನ್‌ಗೆ ಅಂತಲೇ ಒಂದು ಮ್ಯೂಸಿಯಂ ಇಟ್ಟುಕೊಂಡಿದ್ದಾರೆ. ಅಲ್ಲಿಯ ಹಳೇ ಪದ್ಧತಿಯ ಯೋಕಾನ್‌ನ ಮೇಲ್ಮೈ ಗಾಳಿಗೆ ಒಣಗಿ ಸಕ್ಕರೆ ಹರಳುಗಟ್ಟಿರುತ್ತದೆ. ಹಲ್ಲಿಟ್ಟರೆ ಮೊದಲು ಜರ್ ಅನ್ನುತ್ತದೆ, ಆಮೇಲೆ ಒಳಗೆ ಮೆತ್ತಗೆ. ತೊರಾಯಾದ್ದು ನುಣುಪು, ಇದು ಒರಟು. ನನ್ನನ್ನು ಕೇಳಿದರೆ ಓಗಿಯದ್ದೇ ಹೆಚ್ಚು ರುಚಿ. ಆದರೆ ಅದು ಗಾಳಿಗೆ ಬಿಟ್ಟದ್ದು, ತೊರಾಯಾದಷ್ಟು ಬಾಳಿಕೆ ಬರೋದಿಲ್ಲ, ಕ್ಯೂಷೂ ತನಕ ಹೋಗಲೂಬೇಕು. ಉಡುಗೊರೆಗೆ ತೊರಾಯಾ, ನಿಮಗೆ ನೀವೇ ಕೊಳ್ಳೋದಾದರೆ ಓಗಿ.

ಅಂದಹಾಗೆ ನೀರು ಜಾಸ್ತಿ ಇರುವ ಮಿಜು ಯೋಕಾನ್ ಅಂತ ಒಂದಿದೆ. ದೇಶವೆಲ್ಲ ಬೇಸಿಗೆಯಲ್ಲಿ ತಣ್ಣಗೆ ತಿಂದರೆ ಫುಕುಯಿ ಜನ ಮಾತ್ರ ಚಳಿಗಾಲದಲ್ಲಿ, ಹೊರಗೆ ಹಿಮ ಬೀಳುವಾಗ ಬೆಚ್ಚಗಿನ ಕೋಣೆಯಲ್ಲಿ ಕೂತು, ಚಪ್ಪಟೆ ಪೆಟ್ಟಿಗೆಯಿಂದ ಕಡ್ಡಿಯಲ್ಲಿ ಎತ್ತಿ ತಿನ್ನುತ್ತಾರೆ. ಅದನ್ನು ಊರಿಗೆ ತರೋ ಯೋಚನೆ ಬೇಡ, ಅಲ್ಲೇ ಮುಗಿಸಿ.

ಒಣ ಸಿಹಿಗಳಲ್ಲಿ ಜಪಾನಿನ ಮೂರು ಹೆಸರಾಂತ ಸಿಹಿಗಳು ಅಂತಲೇ ಕರೆಸಿಕೊಳ್ಳುವವು ಇವೆ. ಕಾನಾಜಾವಾದ ಮೊರಿಹಾಚಿಯ ಚೋಸೇಯ್ದೆನ್, ನಾಗಾಓಕಾದ ಯಾಮಾತೋಯಾದ ಕೋಶಿ ನೊ ಯುಕಿ, ಮಾತ್ಸುಏಯ ಫೂರ್ಯೂದೋದ ಯಾಮಾಕಾವಾ. ಮೂರಕ್ಕೂ ಮೂಲ ವಸ್ತು ಬೇಯಿಸಿ ಒಣಗಿಸಿದ ಅಕ್ಕಿಯ ಹಿಟ್ಟು ಮತ್ತು ನುಣ್ಣನೆಯ ಸಕ್ಕರೆ. ಚೋಸೇಯ್ದೆನ್‌ಗೆ ಹಾಕೋದು ವಾಸಾಂಬೊನ್, ತೋಕುಶಿಮಾ, ಕಾಗಾವಾ ಕಡೆ ಸಣ್ಣ ಕಬ್ಬಿನಿಂದ ತೆಗೆದು, ನೀರು ಚಿಮುಕಿಸಿ ಕೈಯಿಂದ ನಾದಿ ನಾದಿ ಕಂದು ಬಣ್ಣದ ಪಾಕ ಹಿಂಡಿ ತೆಗೆದ ಸಕ್ಕರೆ.

ಮರದ ಅಚ್ಚಿನಲ್ಲಿ ಒತ್ತಿ ತೆಗೆಯೋದರಿಂದ ನೋಡಿದ ತಕ್ಷಣ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತದೆ. ಆದರೆ ನಮ್ಮದು ಪಾಕ ಕಾಯಿಸಿ ಹೊಯ್ದದ್ದು, ಅವರದು ಒದ್ದೆ ಪುಡಿಯನ್ನು ಒತ್ತಿದ್ದು. ಆದ್ದರಿಂದ ಅದನ್ನು ಕಚ್ಚೋದಲ್ಲ, ನಾಲಿಗೆ ಮೇಲಿಟ್ಟುಕೊಂಡು ಸುಮ್ನೆ ಇರೋದು.

ಮೂರರಲ್ಲಿ ಯಾವುದು? ಚೋಸೇಯ್ದೆನ್ ಗಟ್ಟಿ, ಹಳೇ ಚೀನೀ ಶಾಯಿ ಕಡ್ಡಿಯ ಆಕಾರ, ಕೆಂಪು ಮತ್ತು ಬಿಳಿ, ಮೇಲೆ ಅಕ್ಷರ. ಅಕ್ಷರ ಬರೆದದ್ದು ಚಹಾ ಕಲೆಯ ದೊಡ್ಡ ಹೆಸರು ಕೊಬೋರಿ ಎನ್‌ಶೂ, ಮಾಡಿಸಿದ್ದು ಮಾಏದಾ ಮನೆತನದ ಮೂರನೆಯ ದೊರೆ ತೊಶಿತ್ಸುನೆ ಅನ್ನುತ್ತಾರೆ. ಮದುವೆ, ಗೃಹಪ್ರವೇಶಕ್ಕೆ ಕೊಡೋಕೆ ಇದಕ್ಕಿಂತ ಚೆಂದದ್ದು ಸಿಗಲಿಕ್ಕಿಲ್ಲ. 1625ರ ಈ ಅಂಗಡಿಯ ಮುಖ್ಯ ಶಾಖೆಯಲ್ಲಿ ಹಳೆಯ ಮರದ ಅಚ್ಚುಗಳನ್ನು ಸಾವಿರಕ್ಕೂ ಹೆಚ್ಚು ಜೋಡಿಸಿಟ್ಟಿದ್ದಾರೆ, ಅದನ್ನು ನೋಡೋಕಾದರೂ ಹೋಗಿ. ಕೋಶಿ ನೊ ಯುಕಿ ಪುಟ್ಟ ಪುಟ್ಟ ಚೌಕ, ಎತ್ತುವಾಗಲೇ ಮೆಲ್ಲಗೆ ಎತ್ತಬೇಕು, ಬೆರಳು ಬಿಗಿಯಾದರೆ ಪುಡಿ. ರುಚಿಗೆ ಇದೇ ಮೇಲು, ಪ್ರಯಾಣಕ್ಕೆ ಇದೇ ಕಷ್ಟ. ಯಾಮಾಕಾವಾ ಮೂರರಲ್ಲಿ ಸ್ವಲ್ಪ ಮೆತ್ತಗೆ, ಕೆಂಪು ಒಂದು ಹಲಗೆ, ಬಿಳಿ ಒಂದು ಹಲಗೆ, ಚಾಕು ಹಾಕದೆ ಕೈಯಿಂದ ಮುರಿದು ತಿನ್ನಬೇಕು. ಒಡೆದ ಅಂಚು ಬೆಟ್ಟದ ಅಂಚಿನ ಹಾಗೆ ಕಾಣಬೇಕಂತೆ. ಮಾತ್ಸುಏಯ ದೊರೆ ಮಾತ್ಸುದಾಯಿರಾ ಫುಮಾಯ್ (1751–1818) ಚಹಾ ಹುಚ್ಚಿನವನು, ಅವನ ಕಾಲದ ಸಿಹಿಯನ್ನು ಆಮೇಲೆ ಹುಡುಕಿ ಮತ್ತೆ ಮಾಡಿದ್ದು ಇದು.

ಇವೆಲ್ಲಕ್ಕೂ ಜೊತೆಗೆ ಕಹಿಯಾದ ಮಾಚ್ಚಾ (ಹಸಿರು ಚಹಾ ಪುಡಿಯ ಚಹಾ) ಇರಬೇಕು, ಇಲ್ಲವಾದರೆ ಸಕ್ಕರೆ ತಿಂದ ಹಾಗಾಗುತ್ತದೆ. ನಮ್ಮ ಮನೆಗಳಲ್ಲಿ ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್ ಜೊತೆ ಕೊಟ್ಟು ನೋಡಿ, ಚೆನ್ನಾಗಿ ಹೊಂದುತ್ತದೆ.

ಮೊಟ್ಟೆ ತಿನ್ನದವರಿಗೆ

ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ಊಟಕ್ಕೆ ಕಷ್ಟ, ಸಿಹಿಗೆ ಅಷ್ಟು ಕಷ್ಟವಿಲ್ಲ. ಹಳೇ ಪದ್ಧತಿಯ ಸಿಹಿಗಳಲ್ಲಿ ಬಹುಪಾಲು ಅಕ್ಕಿ, ಕಾಳು, ಸಕ್ಕರೆ, ಕಾಂತೆನ್ ಅಷ್ಟೇ. ತುಪ್ಪ, ಹಾಲು ಕೂಡ ಇರೋದಿಲ್ಲ. ಎಚ್ಚರ ಬೇಕಾದದ್ದು ಕೆಲವಕ್ಕೆ: ಕಾಸುತೆರಾ, ದೋರಾಯಾಕಿ, ಮಿಯಾಜಿಮಾದ ಎಲೆಯಾಕಾರದ ಮೊಮಿಜಿ ಮಂಜೂ (ಮಂಜೂ ಅಂದರೆ ಹೂರಣ ತುಂಬಿದ ಪುಟ್ಟ ಬನ್ನು), ಸಾಗಾದ ಮಾರುಬೋರೊ, ಇವೆಲ್ಲ ಮೊಟ್ಟೆಯವು. ಮೇಲ್ಭಾಗ ಹೊಳೆಯುವ ಕಂದು ಬಣ್ಣದ ಮಂಜೂ ಕಂಡರೆ ಮೊಟ್ಟೆ ಸವರಿದ್ದಾರೆ ಅಂತಲೇ ಅಂದುಕೊಳ್ಳಿ. ಬೆಳ್ಳಗೆ ನೊರೆಯಂತಿರುವ ಆವಾಯುಕಿಯಲ್ಲಿ ಮೊಟ್ಟೆಯ ಬಿಳಿ ಇರುತ್ತದೆ.

ಪೊಟ್ಟಣದ ಸಿಹಿಯ ಮೇಲೆ ಮೊಟ್ಟೆ, ಹಾಲು, ಗೋಧಿ ಇದೆಯಾ ಅಂತ ಹಾಕೋದು ಕಾನೂನಿನ ಪ್ರಕಾರ ಕಡ್ಡಾಯ. ಪ್ರಾಣಿಜನ್ಯ ಜೆಲಟಿನ್ ಮಾತ್ರ ಆ ಕಡ್ಡಾಯದ ಅಲರ್ಜಿ ಪಟ್ಟಿಯಲ್ಲಿಲ್ಲ, ಆದ್ದರಿಂದ ಪದಾರ್ಥಗಳ ಸಾಲನ್ನೇ ಓದಬೇಕು. ಫೋನಿನ ಕ್ಯಾಮೆರಾ ಅನುವಾದ ಇದಕ್ಕೆ ಸಾಕು. ಬಾಯಿಮಾತಿನಲ್ಲಿ ಕೇಳೋದಾದರೆ ‘ತಮಾಗೊ’ ಮೊಟ್ಟೆ, ‘ಜೆರಾಚಿನ್’ ಜೆಲಟಿನ್. ಅಂಗಡಿಯವರು ಗೊತ್ತಿಲ್ಲದೆ ಹೂಂ ಅನ್ನೋದಿಲ್ಲ, ಒಳಗೆ ಹೋಗಿ ಕೇಳಿಕೊಂಡು ಬಂದೇ ಹೇಳುತ್ತಾರೆ. ಇನ್ನು ಅಕ್ಕಿಯ ಸೆಂಬೇಯ್ ಅನ್ನೋ ಗರಿಗರಿ ಬಿಲ್ಲೆ ಸಿಹಿಯಲ್ಲ, ಆದರೂ ಅದೇ ಅಂಗಡಿಗಳಲ್ಲಿರುತ್ತದೆ. ಅದರಲ್ಲಿ ಸಿಗಡಿ, ಮೀನಿನ ಸಾರ ಇರೋದು ಮಾಮೂಲಿ.

ಬೋರ್ಡಿನ ಮೇಲಿನ ಇಸವಿ

ಕ್ಯೋಟೋದ ಯಾತ್ಸುಹಾಶಿ ಅಂಗಡಿಗಳಲ್ಲಿ ಶೋಗೋಯಿನ್ ಯಾತ್ಸುಹಾಶಿ ತಾನು 1689ರಲ್ಲಿ ಶುರುವಾದದ್ದು ಅನ್ನುತ್ತದೆ. 1805ರದ್ದು ಅನ್ನುವ ಇಜುತ್ಸು ಯಾತ್ಸುಹಾಶಿ ಇದಕ್ಕೆ ಆಧಾರವೇ ಇಲ್ಲ ಅಂತ 2018ರಲ್ಲಿ ಕೋರ್ಟಿಗೆ ಹೋಯಿತು. 2020ರಲ್ಲಿ ಕ್ಯೋಟೋ ಜಿಲ್ಲಾ ಕೋರ್ಟು ಅರ್ಜಿ ತಳ್ಳಿಹಾಕಿತು, 2021ರಲ್ಲಿ ಮೇಲಿನ ಕೋರ್ಟುಗಳಲ್ಲೂ ಅದೇ ಗತಿ. 1689 ನಿಜ ಅಂತ ಕೋರ್ಟು ಹೇಳಲಿಲ್ಲ. ಅಂಗಡಿ ಯಾವ ಇಸವಿಯದ್ದು ಅನ್ನೋದು ಗಿರಾಕಿಯ ಆಯ್ಕೆಯನ್ನು ಬದಲಿಸುತ್ತದೆ ಅನ್ನಲಾಗದು, ಅದು ತೀರ್ಪಿನ ತಿರುಳು. ನನಗೆ ಈ ತೀರ್ಪು ಬಹಳ ಹಿಡಿಸಿತು. ಎರಡು ಅಂಗಡಿಯವರ ಡಬ್ಬಿ ಅಕ್ಕಪಕ್ಕ ಇದ್ದರೆ ನಾನಂತೂ ಅವತ್ತು ಮಾಡಿದ್ದನ್ನು ತಗೊಳ್ತೀನಿ.

ಯಾವ ತಿಂಗಳು, ಯಾವ ಊರು

ಹೋಗುವ ತಿಂಗಳೂ ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಸಾಕುರಾ ಮೋಚಿ. ಟೋಕಿಯೋ ಕಡೆಯದು ಗೋಧಿಹಿಟ್ಟಿನ ತೆಳು ದೋಸೆಯಲ್ಲಿ ಹೂರಣ ಸುತ್ತಿದ್ದು, 1717ರಲ್ಲಿ ಸುಮಿದಾ ನದಿ ದಂಡೆಯ ಚೋಮೇಯ್ಜಿ ಗುಡಿಯ ಹತ್ತಿರ ಹುಟ್ಟಿದ್ದು. ಓಸಾಕಾ, ಕ್ಯೋಟೋ ಕಡೆಯದು ತರಿತರಿಯಾದ ಅಂಟಕ್ಕಿಯ ಉಂಡೆ. ಎರಡಕ್ಕೂ ಉಪ್ಪು ಹಾಕಿಟ್ಟ ಚೆರ್ರಿ ಎಲೆ ಸುತ್ತಿರುತ್ತಾರೆ, ಸಿಹಿ ಜೊತೆ ಉಪ್ಪು ಬರೋದೇ ಅದರ ಮಜಾ. ನನ್ನ ಓಟು ಕ್ಯೋಟೋದ್ದಕ್ಕೆ. ಜೂನ್ ಕೊನೆಗೆ ಕ್ಯೋಟೋದಲ್ಲಿದ್ದರೆ ಮಿನಾಜುಕಿ ತಿನ್ನಿ, ಬಿಳಿ ತ್ರಿಕೋನದ ಮೇಲೆ ಅಜುಕಿ ಕಾಳು ಹರಡಿದ್ದು, ಜೂನ್ 30ಕ್ಕೆ ಊರಿಗೆ ಊರೇ ತಿನ್ನುತ್ತದೆ. ಸೆಪ್ಟೆಂಬರ್ ಮೇಲೆ ಹೋದರೆ ಗಿಫು ಸೀಮೆಯ ನಾಕಾತ್ಸುಗಾವಾದಲ್ಲಿ ಕುರಿ ಕಿಂತೋನ್, ಬರೀ ಚೆಸ್ಟ್‌ನಟ್ ಮತ್ತು ಸಕ್ಕರೆ, ಬಟ್ಟೆಯಲ್ಲಿ ಹಿಂಡಿದ ಗುರುತು ಮೇಲೆ ಹಾಗೇ ಇರುತ್ತದೆ. ಸುಯಾ ಅಂಗಡಿಯದು ಜನವರಿವರೆಗೆ ಸಿಗುತ್ತದೆ. ದಿನಗಳ ಲೆಕ್ಕದ ಸಿಹಿ, ಅಲ್ಲೇ ತಿನ್ನಿ.

ಊರೂರು ಸುತ್ತೋಕೆ ಆಗದು, ಟೋಕಿಯೋ ಬಿಟ್ಟು ಕದಲೋದಿಲ್ಲ ಅನ್ನುವವರು ನಿಹೊಂಬಾಶಿಗೆ ಹೋಗಿ. ಕ್ಯೋಟೋದ ತ್ಸುರುಯಾ ಯೋಶಿನೊಬು (1803) ಅಲ್ಲೊಂದು ಅಂಗಡಿ ಇಟ್ಟಿದೆ, ಕಟ್ಟೆಯ ಎದುರು ಕೂತರೆ ನಿಮ್ಮ ಕಣ್ಣೆದುರೇ ಆ ಋತುವಿನ ಹೂವನ್ನು ಹೂರಣದಲ್ಲಿ ಮಾಡಿ ಕೊಡುತ್ತಾರೆ. ಹೊರಗೆ ಬಂದು ಮಿತ್ಸುಕೋಶಿ ಅನ್ನೋ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಗೆ ಇಳಿದರೆ ಬೇರೆ ಬೇರೆ ಊರಿನ ಹಳೇ ಅಂಗಡಿಗಳ ಕೌಂಟರು ಸಾಲಾಗಿ ಇರುತ್ತವೆ. ಹೊರಡುವ ಹಿಂದಿನ ದಿನ ಸಂಜೆ ಇಲ್ಲಿ ಕೊಂಡರೆ ಏರ್‌ಪೋರ್ಟಿಗಿಂತ ಆಯ್ಕೆ ಜಾಸ್ತಿ. ಎಷ್ಟು ಮನೆಗೆ ಕೊಡಬೇಕು ಅಂತ ಹೇಳಿದರೆ ಅಷ್ಟು ಖಾಲಿ ಕೈಚೀಲ ಬೇರೆಯಾಗಿ ಮಡಚಿ ಕೊಡುತ್ತಾರೆ. ಯೋಕಾನ್ ಭಾರ, ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಒಣ ಸಿಹಿಯನ್ನು ಮಾತ್ರ ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿ.